ಅತ್ತೆಗೆ ಹಿಡಿಸದ ಸಿನಿಮಾ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದಾಗಲೆಲ್ಲ ನನಗೆ ಬೂಕನಕೆರೆಯ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಆಗ ನಾನು ಚಿಕ್ಕ ಹುಡುಗಿ. ಅಪ್ಪನ ತಂಗಿ, ನನ್ನ ಅತ್ತೆ, ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಇದ್ದಳು. ಊರಾಚೆಯ ಸಿನಿಮಾ ಟೆಂಟಿಗೆ ಬಂದ ಒಂದು ಚಿತ್ರವನ್ನೂ ಅವಳು ಬಿಡುತ್ತಿರಲಿಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ, ಅವಳನ್ನು ಕರೆದೊಯ್ಯಲು ಅವಳ ಮಾವ, ಗಂಡನ ಅಪ್ಪ, ಬಸ್ಸಿಳಿದು ಬಂದರು. ತಾತನ ಪಕ್ಕ ಕೂತು ಮಜ್ಜಿಗೆ ಕುಡಿದು ಅತ್ತೆಯ ಕಡೆ ತಿರುಗಿದರು.

"ಟೆಂಟಲ್ಲಿ ಆ ಸಿನ್ಮಾ ನೋಡಿದ್ಯಲ್ಲವ್ವಾ? ಗಂಡ ಎಷ್ಟು ಬಡುದ್ರೂ ಆಕೆ ಹಾಡೇಳ್ಕಂಡು ತಡ್ಕಂಡ್ಲು. ಕೊನೇಗೆ ಅವ್ನೂ ಸರ್ಯಾಗ್ಬುಟ್ಟ. ಡೈರೆಟ್ರು ಎಂಗ್ ತೋರ್ಸವ್ನೆ!"

"ಊ ಕಣವ್ವ, ಒಳ್ಳೇ ಸಿನ್ಮಾ" ಎಂದು ತಾತ ತಲೆಯಾಡಿಸಿದರು.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟಳು. "ಕೆಟ್ಟ ಸಿನ್ಮಾ ಕಣಪ್ಪ. ಆ ಡೈರೆಟ್ರು ಒಂದಿನನಾದ್ರೂ ಏಟು ತಿಂದವ್ನಾ? ಏಟು ತಿಂದೋಳು ಅಂಗೆ ರಾಗವಾಗಿ ಹಾಡಾಕಿಲ್ಲ. ಬಾಯಿಂದ ಮಾತೇ ಬರಾಕಿಲ್ಲ."

ಜಿಡ್ಡು ಬೆರಳಲ್ಲೇ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಬರೆಯ ಕಪ್ಪು ಗುರುತು ಇನ್ನೂ ಮಾಸಿರಲಿಲ್ಲ. ತಾತ ಅದನ್ನೇ ನೋಡುತ್ತ ಕೂತರು. ಅವಳ ಮಾವ ನೆಲ ನೋಡಿದರು.

"ನಾನ್ ಬರಾಕಿಲ್ಲ ಮಾವ."

ಸಂಜೆಯ ಬಸ್ಸಿಗೆ ತಾತನೇ ಹೋಗಿ ಅವರನ್ನು ಹತ್ತಿಸಿ ಬಂದರು. "ಊರೋರು ಏನಂದಾರು?" ಎಂದು ಅಜ್ಜಿ ಒಳಗಿನಿಂದ ಕೇಳಿದಳು.

ಅತ್ತೆ ಮುಖ ತೊಳೆದು, ಹೂ ಮುಡಿದು ನನ್ನ ಕೈ ಹಿಡಿದಳು. "ನಡಿ ಮಗ. ಇವತ್ತು ಕತ್ತಿವರಸೆ ಸಿನ್ಮಾ ಬಂದದೆ. ಅದ್ರಲ್ಲಿ ರಾಣೀನೇ ಕುದ್ರೆ ಹತ್ತತಾಳಂತೆ."