ಕೆಳಗಿನಿಂದ ತೊಳೆದ ಗೋಡೆ

ಇನ್ನೊಬ್ಬರ ಸಂಕಟವನ್ನು ಕಥೆ ಮಾಡಿ ಹೇಳುವುದು ಸಣ್ಣತನ ಎನ್ನುವವರಿದ್ದಾರೆ. ಅವರ ಮಾತು ಸುಳ್ಳೇನಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ; ಎಲ್ಲಾದರೂ ಮಾತು ಹೆಚ್ಚುಕಮ್ಮಿಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಣ್ಣದಣ್ಣ ಬಣ್ಣದ ಕೋಣೆಯ ಬಾಗಿಲು ತಳ್ಳಿದಾಗ ಸಿಸ್ಟರ್ ಅರ್ಧ ಗೋಡೆ ತೊಳೆದು ಮುಗಿಸಿದ್ದರು. ನೆಲದಿಂದ ಎದೆಯೆತ್ತರದವರೆಗೆ ಗೋಡೆ ವಾರ್ಡಿನ ಗೋಡೆಯ ಹಾಗೆ ಬೆಳ್ಳಗಾಗಿತ್ತು. ಅದಕ್ಕಿಂತ ಮೇಲೆ ಮಾತ್ರ ಇನ್ನೂ ನೂರಾರು ಬಣ್ಣದ ಗೀಟುಗಳು, ಕೆಂಪು, ಹಳದಿ, ಕಾಡಿಗೆಯ ಕಪ್ಪು, ಒಂದರ ಮೇಲೊಂದು.

"ಮೂರು ಬಕೆಟ್ ನೀರು ಹಿಡೀತು ಅಣ್ಣ," ಎಂದರು ಸಿಸ್ಟರ್, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ. "ಇಷ್ಟು ಗಲೀಜು ಹೇಗೆ ಬಿಟ್ಟಿದ್ರಿ?"

ಮಾಲೀಕರ ಮಕ್ಕಳು ಕೆಡವಲು ಹೊರಟಾಗ ಊರಿನವರೇ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡ ಹಳೆಯ ರಂಗಮಂದಿರ ಅದು. ತಿಂಗಳಿಗೊಂದು ಭಾನುವಾರ ಸದಸ್ಯರೆಲ್ಲ ಚೀಟಿ ಎತ್ತಿ ಕೆಲಸ ಹಂಚಿಕೊಳ್ಳುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿ ಹೊಸದಾಗಿ ಸಂಘಕ್ಕೆ ಸೇರಿದ್ದ ಸಿಸ್ಟರ್‌ಗೆ ಇದು ಮೊದಲ ಚೀಟಿ: 'ಬಣ್ಣದ ಕೋಣೆ, ಸ್ವಚ್ಛತೆ'. ಮುಟ್ಟಬಾರದ ವಸ್ತುಗಳ ಪಟ್ಟಿಯನ್ನು ಅವರು ಎರಡೆರಡು ಸಲ ಓದಿಕೊಂಡೇ ಒಳಗೆ ಬಂದಿದ್ದರು. ಅದರಲ್ಲಿ ಪರದೆ ಇತ್ತು, ಕಿರೀಟದ ಪೆಟ್ಟಿಗೆ ಇತ್ತು, ಒಡೆದ ಕನ್ನಡಿಯೂ ಇತ್ತು. ಗೋಡೆ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ?

"ಗಲೀಜಲ್ಲ ಸಿಸ್ಟರ್, ಹಾಜರಿ ಅದು," ಎಂದರು ಬಣ್ಣದಣ್ಣ ಮೆಲ್ಲಗೆ. ಐವತ್ತು ವರ್ಷದಿಂದ ಅಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚುತ್ತ ಬಂದವರು. "ಬಣ್ಣ ಹಚ್ಚಿಸ್ಕೊಂಡವರು ಬೆರಳಿಗೆ ಮಿಕ್ಕಿದ್ದನ್ನ ಗೋಡೆಗೆ ಒರೆಸಿಯೇ ರಂಗದ ಮೇಲೆ ಹೋಗೋದು. ಅವರವರ ಕೈಗೆ ಎಟುಕಿದಲ್ಲಿ."

ಸಿಸ್ಟರ್ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು. "ಅಯ್ಯೋ, ಯಾರೂ ಹೇಳಲಿಲ್ವಲ್ಲ ಅಣ್ಣ. ಸದ್ಯ, ಮೇಲಿನವು ಉಳಿದಿವೆ. ನಾನು ಯಾವಾಗಲೂ ಕೆಳಗಿನಿಂದ ತೊಳೀತೀನಿ. ಮೇಲಿಂದ ತೊಳೆದರೆ ಕೊಳೆನೀರು ಇಳಿದು ಒಣಗೋಡೆ ಮೇಲೆ ಕಲೆ ಕೂರುತ್ತೆ. ಆಸ್ಪತ್ರೆಯಲ್ಲಿ ಕಲಿಸಿದ್ದು."

"ಹೌದು, ಮೇಲಿನವು ಉಳಿದಿವೆ," ಎಂದರು ಬಣ್ಣದಣ್ಣ. "ಮೀಸೆ ಡಬ್ಬಿ ಕದ್ದುಕೊಂಡು ಹೋದ ಆ ಖಳನಾಯಕಂದೂ ಉಳಿದಿದೆ ನೋಡಿ. ಪಾಪಿ ಚಿರಾಯು." ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಬಾಗಿಲನ್ನು ಸರಿಸಿ, ಅದರ ಹಿಂದೆ ಮಂಡಿಯೂರಿ, ಸೊಂಟದ ಮಟ್ಟಕ್ಕಿಂತ ಕೆಳಗೆ ಒಂದು ಜಾಗದಲ್ಲಿ ಅಂಗೈ ಇಟ್ಟರು. ಗೋಡೆ ಇನ್ನೂ ಒದ್ದೆಯಾಗಿತ್ತು.

"ಅಲ್ಲಿ ಯಾರದಿತ್ತು ಅಣ್ಣ?" ಸಿಸ್ಟರ್ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಕೇಳಿದರು.

"ಮಗಳದು. ಏಳು ವರ್ಷ ಆಗ. ಒಂದೇ ನಾಟಕ, ಅದರಲ್ಲಿ ಒಂದೇ ಮಾತು. 'ದೊಡ್ಡವರ ಹಾಗೆ ನಾನೂ ಒರೆಸ್ಬೇಕು' ಅಂತ ಕೂತಳು. ಬೇಡ ಅಂದೆ. ಕೇಳೋ ಜಾತಿಯೇ ಅಲ್ಲ ಅದು. ಮುಂದಿನ ನಾಟಕದ ಹೊತ್ತಿಗೆ ಜ್ವರ ಬಂತು, ಉಳೀಲಿಲ್ಲ." ಅವರು ಕೈ ತೆಗೆಯಲಿಲ್ಲ. "ಮನೇಲಿ ಫೋಟೋ ಇದೆ ಬಿಡಿ. ಆದರೆ ಫೋಟೋ ಯಾರೋ ತೆಗೆದದ್ದು. ಇದು ಅವಳೇ ಹಾಕಿದ್ದು."

ಸಿಸ್ಟರ್‌ಗೆ 'ಕ್ಷಮಿಸಿ' ಎನ್ನಬೇಕೆನಿಸಿತು. ಅಷ್ಟು ಅಗ್ಗದ ಮಾತನ್ನು ಯಾವ ಮುಖ ಹೊತ್ತು ಆಡುವುದು? ಹೊರಗೆ ಸಭಾಂಗಣದಲ್ಲಿ ಯಾರೋ ಕುರ್ಚಿ ಎಳೆಯುತ್ತಿದ್ದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಬಣ್ಣದಣ್ಣ, ತಿರುಗದೆ. "ಉಜ್ಜುವಾಗ ಬೇಗ ಹೋಯ್ತಾ? ಇಲ್ಲ, ಸ್ವಲ್ಪ ಹಠ ಮಾಡ್ತಾ?"

ಮೂವತ್ತೆಂಟು ವರ್ಷ ವಾರ್ಡಿನ ಬಾಗಿಲಲ್ಲಿ ನಿಂತು, ಹೋದವರ ಕೊನೆಯ ಗಳಿಗೆ ಹೇಗಿತ್ತೆಂದು ಕೇಳಿದ ಮನೆಯವರಿಗೆಲ್ಲ ಉತ್ತರ ಹೇಳಿದ್ದವರು ಸಿಸ್ಟರ್. ಈಗ ನೆನಪಿಗೆ ಬಂದದ್ದು ಬರೀ ನೊರೆ. ಇಡೀ ಬೆಳಗ್ಗೆ ಅವರು ಗೋಡೆ ನೋಡಿದ್ದರು, ಒಂದು ಗೀಟನ್ನೂ ನೋಡಿರಲಿಲ್ಲ.

"ಹಠ ಮಾಡ್ತು ಅಣ್ಣ," ಎಂದರು. "ಎರಡೆರಡು ಸಲ ಉಜ್ಜಬೇಕಾಯ್ತು."

ಬಣ್ಣದಣ್ಣ ನಿಧಾನವಾಗಿ ತಲೆಯಾಡಿಸಿದರು. "ಹಾಗಾದರೆ ಅವಳದೇ," ಎಂದರು.

ಆ ಗೀಟು ನಿಜಕ್ಕೂ ಹಠ ಮಾಡಿತ್ತೋ ಇಲ್ಲವೋ, ಸಿಸ್ಟರ್‌ಗೂ ತಿಳಿಯದು. ಬಣ್ಣದಣ್ಣ ಆ ಮಾತನ್ನು ನಂಬಿದರೋ, ಅಥವಾ ಅವರೂ ಸಿಸ್ಟರ್‌ಗೊಂದು ಸಮಾಧಾನ ಹೇಳಿದರೋ, ಅದು ಇಂದಿಗೂ ಯಾರಿಗೂ ಗೊತ್ತಿಲ್ಲ.