ಕುರ್ಚಿ ತಗೊಂಡ ಬಾ

“ಶೈಲಾ, ಒಂದು ಕುರ್ಚಿ ತಗೊಂಡ ಬಾ,” ಎಂದು ಚನ್ನವ್ವ ಹೇಳಿದ್ದೇ ತಡ, ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕುಳಿತಿದ್ದ ಮೊಮ್ಮಗಳು ಶೈಲಜಾ ಕಿಸಕ್ಕನೆ ನಕ್ಕುಬಿಟ್ಟಳು.

ಇದರಲ್ಲಿ ನಗುವಂಥದ್ದೇನಿದೆ ಎಂದು ಸಂಪಗಾಂವದಿಂದ ಬಂದಿದ್ದ ವರನ ತಂದೆ ನಿಜಗುಣಪ್ಪನಿಗೆ ತಿಳಿಯಲಿಲ್ಲ. ಜಮಖಾನೆಯ ಮೇಲೆ ಕುಳಿತು ಅವನು ಆಗಷ್ಟೇ ಗಂಭೀರವಾದ ಮಾತು ಮುಗಿಸಿದ್ದ. “ನಮಗೇನೂ ಬ್ಯಾಡ್ರಿ. ದೇವರು ಕೊಟ್ಟಾನ. ಹುಡುಗ ಡ್ಯೂಟಿಗೆ ಹೋಗಾಕ ಒಂದು ಗಾಡಿ, ನಿಮ್ಮ ಮಗಳಿಗೇ ಅನುಕೂಲ ಆಗ್ಲಿ ಅಂತ ಒಂದು ಫ್ರಿಜ್ಜು, ಬಂಗಾರ ನಿಮ್ಮ ಮರ್ಯಾದಿಗೆ ತಕ್ಕಂಗ. ಅಷ್ಟ.” ಶೈಲಜಾಳ ತಂದೆ ಸಿದ್ಧಾರೂಢ ಒಂದೊಂದು ಸಾಮಾನಿಗೂ ಒಂದೊಂದು ಸಲ ತಲೆಯಾಡಿಸಿದ್ದ.

ರಾಮದುರ್ಗದ ಆ ಓಣಿಗೆ ಕೇಬಲ್ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಎಪ್ಪತ್ತರ ಚನ್ನವ್ವ ದಿನಾ ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ಕುಸ್ತಿ ನೋಡುತ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಯಾರು ಸಂಭಾವಿತ, ಯಾರು ಲಫಂಗ ಎಂಬುದು ಅವಳಿಗೆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಲಫಂಗನ ಆಟ ಅತಿಯಾದಾಗ ಎದುರಾಳಿ ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಎಳೆದು ತಂದು ಅವನ ನೆತ್ತಿಗೆ ಇಳಿಸುತ್ತಿದ್ದ. ಹೀಗಾಗಿ ಅಜ್ಜಿ ಮೊಮ್ಮಗಳ ನಡುವೆ ‘ಕುರ್ಚಿ ತಗೊಂಡ ಬಾ’ ಎಂಬುದು ಬಂದವರನ್ನು ಉಪಚರಿಸುವ ಮಾತಾಗಿ ಉಳಿದಿರಲಿಲ್ಲ. ಹಾಲು ಹಾಕುವ ಬಾಯವ್ವ ನೀರು ಬೆರೆಸಿ ತಂದ ದಿನ ಅವಳನ್ನು ಕಂಡರೂ ಅದೇ ಮಾತು.

ಇದೊಂದೂ ತಿಳಿಯದ ಸಿದ್ಧಾರೂಢ, ಬೀಗರಿಗೆ ಬೆನ್ನಿಗೆ ಆಸರೆ ಬೇಕಾಗಿರಬಹುದೆಂದು ಒಳಗೆ ಓಡಿ, ಮಡಚುವ ಕುರ್ಚಿಯನ್ನೇ ಎತ್ತಿಕೊಂಡು ಬಂದ. ಅದನ್ನು ಕಂಡದ್ದೇ ವರ ಬಸವಲಿಂಗ ಚಹಾದ ಬಶಿ ಕೆಳಗಿಟ್ಟು ಜಿಗಿದೆದ್ದು, ತಂದೆಯ ತಲೆಗೆ ಎರಡೂ ಕೈ ಅಡ್ಡ ಹಿಡಿದ. “ಬ್ಯಾಡ್ರಿ! ವಯಸ್ಸಾದವ್ರು ಅದಾರ!”

“ಹುಚ್ಚಗಿಚ್ಚ ಹಿಡದೈತೇನಲೇ? ಕುರ್ಚಿ ಕೊಟ್ರ ಕುಂಡ್ರಬೇಕು,” ಎಂದು ಗದರಿ ನಿಜಗುಣಪ್ಪ ಕುರ್ಚಿಯಲ್ಲಿ ಕುಳಿತ. ಸಿದ್ಧಾರೂಢನನ್ನು ಹತ್ತಿರ ಕರೆದು ಫ್ರಿಜ್ಜಿನ ಬಣ್ಣದ ಮಾತು ತೆಗೆದ.

ಇತ್ತ ಚನ್ನವ್ವನ ಮುಖ ಅರಳಿತ್ತು. “ನೀನೂ ನೋಡ್ತೀಯೇನೋ ತಮ್ಮಾ?”

“ಒಂದ ದಿನಾನೂ ಬಿಟ್ಟಿಲ್ರಿ ಅಜ್ಜಿ.”

ಶೈಲಜಾ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. “ಹಂಗಾರ ಅಜ್ಜಿ ಕುರ್ಚಿ ಯಾಕ ಕೇಳಿದ್ಲು ಅಂತ ನಿಮಗ ತಿಳೀತು.”

“ತಿಳೀತ್ರಿ.”

“ನಿಮ್ಮಪ್ಪಾರು ಕೇಳಿದ್ದು ತಪ್ಪೋ, ಬರೋಬರಿಯೋ?”

“ತಪ್ಪ ಐತ್ರಿ,” ಎಂದ ಬಸವಲಿಂಗ, ತೀರ ಸಣ್ಣ ದನಿಯಲ್ಲಿ.

“ಹಂಗಂತ ಅವರಿಗೆ ಹೇಳ್ರಿ ಮತ್ತ.”

ಬಸವಲಿಂಗ ಕುಳಿತುಕೊಂಡ. ಬಶಿಯನ್ನು ಕೈಗೆತ್ತಿಕೊಂಡು ತಣ್ಣಗಾದ ಚಹಾವನ್ನು ಊದತೊಡಗಿದ. ಶೈಲಜಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಖಾಲಿ ಕಪ್ಪುಗಳನ್ನೆಲ್ಲ ತಾಟಿಗೆ ಜೋಡಿಸಿಕೊಂಡು ಎದ್ದಳು.

“ಟಿವಿ ಮುಂದ ಕುಂತು ಚಪ್ಪಾಳಿ ಹೊಡಿಯಾಕ ನಮ್ಮ ಮನ್ಯಾಗ ಅಜ್ಜಿ ಅದಾಳ್ರಿ. ನನಗ ಅಖಾಡಕ್ಕ ಇಳಿಯೋರು ಬೇಕು,” ಎಂದು ಒಳಗೆ ಹೋದಳು.

ನಿಜಗುಣಪ್ಪ ಮಾತು ನಿಲ್ಲಿಸಿ ಮಗನತ್ತ ತಿರುಗಿದ. “ಏನಂದ್ಲೋ ಹುಡುಗಿ?”

ಬಸವಲಿಂಗ ಬಶಿಯಲ್ಲಿದ್ದುದನ್ನು ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡ.

“ಏನಿಲ್ಲಪ್ಪಾ. ಬಸ್ಸಿನ ಹೊತ್ತಾತಂತ.”