ಒಳಗಿನ ಗುಜರಿಯವ

ಹೃದಯಾಘಾತವಾದ ಐದನೆಯ ದಿನ ಬೆಳಿಗ್ಗೆ ಹುಸೇನಪ್ಪ ವಾರ್ಡಿನ ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿದ್ದ. ಮಣಿಪಾಲದ ಮನೆಮನೆಗೆ ತಳ್ಳುಗಾಡಿ ಒಯ್ದು ಗುಜರಿ ಒಟ್ಟುಮಾಡುವ ಆಸಾಮಿ. ಆರು ವಾರ ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದೇ ತಡ, ಅವನಿಗೆ ಮಂಚವೇ ಮುಳ್ಳಾಗಿತ್ತು. ಇನ್ನೊಮ್ಮೆ ಎದೆ ಹಿಡಿದುಕೊಂಡರೆ ಉಳಿಯುವುದು ಕಷ್ಟವೆಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ರತ್ನವ್ವನಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಜಂಬ ಬಿಡುತ್ತಿರಲಿಲ್ಲ.

“ಎಂತ ಮಾರಾಯ್ರೆ, ಎಲ್ಲಿಗೆ ಹೊರಟದ್ದು?” ಒಳಗೆ ಬಂದ ಡಾಕ್ಟರ್ ಡುಲ್ಸಿನ್ ಕೇಳಿದರು.

“ಕೆಲಸಕ್ಕರೀ ಡಾಕ್ಟ್ರಮ್ಮ. ಮಲಗಿದ್ರ ಕೈಕಾಲು ತುಕ್ಕು ಹಿಡೀತಾವ.”

ಡುಲ್ಸಿನ್ ಉದ್ಯಾವರದವರು. ವಾರ್ಡಿನ ಕೆಲಸ ಮುಗಿಸಿ ಲ್ಯಾಬಿನಲ್ಲಿ ಸಂಶೋಧನೆಗೆಂದು ಇಲಿಗಳ ಹೃದಯ ನೋಡುವುದು ಅವರ ಹುಚ್ಚು. ಆ ಮಾತು ತೆಗೆಯಲು ಅವರಿಗೊಂದು ನೆಪ ಸಾಕು. “ಕೂತ್ಕೊಳ್ಳಿ. ನಿಮ್ಮ ಹೃದಯದ ಒಂದೊಂದು ಜೀವಕೋಶದಲ್ಲೂ ಒಬ್ಬ ಗುಜರಿಯವ ಇದ್ದಾನೆ. ಹಾಳಾದ ತುಂಡುಗಳನ್ನು ಹೆಕ್ಕಿ, ಒಡೆದು, ಹೊಸದು ಮಾಡಲಿಕ್ಕೆ ಕೊಡ್ತಾನೆ. ಪೆಟ್ಟು ತಿಂದ ಹೃದಯಕ್ಕೆ ಅವನ ಸಹಾಯ ಬೇಕು, ಅಲ್ವಾ?”

ಹುಸೇನಪ್ಪ ಹಿರಿಹಿರಿ ಹಿಗ್ಗಿದ. ಅವನ ಕಸುಬಿನ ಹೆಸರನ್ನು ಯಾರೂ ಇಷ್ಟು ಮರ್ಯಾದೆಯಿಂದ ಎತ್ತಿರಲಿಲ್ಲ. “ಕೇಳಿದೇನ ರತ್ನಿ? ಒಳಗೂ ನಮ್ಮವನ ಅದಾನ! ಅವಂಗ ಸೂಟಿ ಐತೇನ್ರಿ?”

“ಇಲ್ಲ.”

“ಮತ್ತ ನನಗ್ಯಾಕ?”

ಡುಲ್ಸಿನ್ ಪೇಚಿಗೆ ಸಿಕ್ಕಿದರು. “ಹಾಗಲ್ಲ ಮಾರಾಯ್ರೆ. ಅವ ಮಿತಿಮೀರಿ ಕೆಲಸ ಮಾಡಿದರೂ ಅಪಾಯ ಉಂಟು. ಒಳ್ಳೆಯದನ್ನೂ ಒಡೆದು ಹಾಕ್ತಾನೆ.”

“ಖರೇ ಅದ. ಮನಿಯಾಕಿ ಬಾಗಿಲಾಗ ನಿಂತು ‘ಸಾಕಪ್ಪ’ ಅನ್ನಲಿಲ್ಲಂದ್ರ, ಹಾಲು ಕಾಸೋ ಪಾತ್ರೀನೂ ನನ್ನ ಚೀಲಕ್ಕ ಬೀಳತೈತಿ.”

ಡುಲ್ಸಿನ್ ನಕ್ಕುಬಿಟ್ಟರು. “ಗ್ರೋತ್ ಫ್ಯಾಕ್ಟರ್ ಅಂತ ದೇಹದಲ್ಲಿ ಒಂದು ಪ್ರೋಟೀನು ಉಂಟು. ಒಳಗಿನವನಿಗೆ ‘ಸಾಕು’ ಅಂತ ಹೇಳುವುದು ಅದು. ಇಷ್ಟನ್ನು ನನ್ನ ರಿಸರ್ಚ್ ಗೈಡಿಗೆ ತಿಳಿಸಲಿಕ್ಕೆ ನಾನು ನಲವತ್ತು ಪುಟ ಬರೆದದ್ದು!”

ಗೆದ್ದವನಂತೆ ಹುಸೇನಪ್ಪ ಮತ್ತೆ ಎದ್ದ. ರತ್ನವ್ವ ಅವನಿಗಿಂತ ಮೊದಲೇ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಡಾಕ್ಟ್ರಮ್ಮ, ಆ ಇಂಗ್ಲಿಷ್ ಹೆಸರು ಇನ್ನೊಂದ್ಸಲ ಹೇಳ್ರಿ. ಆರು ವಾರ ಅದು ನನ್ನ ಹೆಸರು.”